ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಕಂಡುಬಂದರೆ ಅಡುಗೆಯವರನ್ನು ಕೆಲಸದಿಂದ ಬಿಡಿಸಬೇಕೇ?

ಪ್ರಶ್ನೆ: ನಾನು ವಿದ್ಯಾರ್ಥಿನಿಲಯವೊಂದರ ಅಡುಗೆಮನೆಯ ಮೇಲ್ವಿಚಾರಕ. ಸಿಬ್ಬಂದಿಯ ಆರೋಗ್ಯ ತಪಾಸಣೆ ಮಾಡಿಸಿದಾಗ ಒಬ್ಬರ ಮಲಪರೀಕ್ಷೆಯಲ್ಲಿ ಇಎಸ್‌ಬಿಎಲ್ ಉತ್ಪಾದಿಸುವ ಇ. ಕೋಲೈ, ಇನ್ನೊಬ್ಬರ ಮೂಗಿನ ಮಾದರಿಯಲ್ಲಿ ಎಂಆರ್‌ಎಸ್‌ಎ ಪತ್ತೆಯಾಗಿದೆ. ಇಬ್ಬರಿಗೂ ಯಾವ ತೊಂದರೆಯೂ ಇಲ್ಲ. ಅವರನ್ನು ಕೆಲಸದಿಂದ ಬಿಡಿಸಬೇಕೇ, ಅಥವಾ ಆ್ಯಂಟಿಬಯೋಟಿಕ್ ಕೊಡಿಸಿ ಮತ್ತೆ ಪರೀಕ್ಷೆ ಮಾಡಿಸಬೇಕೇ?

ಉತ್ತರ: ಎರಡೂ ಬೇಕಾಗಿಲ್ಲ. ಇಂಥ ವರದಿ ಕೈಗೆ ಬಂದಾಗ ಗಾಬರಿಯಾಗುವುದು ಸಹಜವೇ. ಆದರೆ ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗುವುದಿಲ್ಲ ಎಂದ ಮಾತ್ರಕ್ಕೆ ಅದು ಹೆಚ್ಚು ಸುಲಭವಾಗಿ ಹರಡುತ್ತದೆ ಎಂದಾಗಲಿ, ಹೆಚ್ಚು ಕಾಯಿಲೆ ತರುತ್ತದೆ ಎಂದಾಗಲಿ ಅರ್ಥವಲ್ಲ. ಅದರಿಂದ ಸೋಂಕು ಉಂಟಾದಾಗ ಚಿಕಿತ್ಸೆ ಕಷ್ಟವಾಗುತ್ತದೆ ಎಂಬುದಷ್ಟೇ ಅದರ ಅರ್ಥ.

ಇ. ಕೋಲೈ ನಮ್ಮೆಲ್ಲರ ಕರುಳಿನಲ್ಲಿಯೂ ವಾಸಿಸುತ್ತದೆ. ಇಎಸ್‌ಬಿಎಲ್ ಎಂದರೆ ಪೆನಿಸಿಲಿನ್ ಮತ್ತು ಸೆಫಲೋಸ್ಪೋರಿನ್ ಗುಂಪಿನ ಹೆಚ್ಚಿನ ಔಷಧಗಳನ್ನು ಒಡೆದು ನಿಷ್ಫಲಗೊಳಿಸುವ ಕಿಣ್ವಗಳು. ಅವುಗಳನ್ನು ತಯಾರಿಸುವ ವಂಶವಾಹಿ ಹೆಚ್ಚಾಗಿ ಪ್ಲಾಸ್ಮಿಡ್ ಎಂಬ ಚಿಕ್ಕ ಡಿಎನ್ಎ ಉಂಗುರದಲ್ಲಿರುವುದರಿಂದ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ, ಜಾತಿಯ ಗಡಿಯನ್ನೂ ದಾಟಿ, ವರ್ಗಾವಣೆಯಾಗಬಲ್ಲದು. ಆರೋಗ್ಯವಂತರ ಕರುಳಿನಲ್ಲಿ ಇಂಥ ತಳಿ ತಿಂಗಳುಗಟ್ಟಲೆ ಸದ್ದಿಲ್ಲದೆ ಇದ್ದು, ಬಹಳ ಮಂದಿಯಲ್ಲಿ ತಾನಾಗಿಯೇ ಮರೆಯಾಗುತ್ತದೆ. ಅದನ್ನು ಹೊರಹಾಕಲು ಆ್ಯಂಟಿಬಯೋಟಿಕ್ ಕೊಟ್ಟರೆ ಪೈಪೋಟಿ ನೀಡುತ್ತಿದ್ದ ಸಾಮಾನ್ಯ ಬ್ಯಾಕ್ಟೀರಿಯಾಗಳು ಸತ್ತು, ಔಷಧಕ್ಕೆ ಬಗ್ಗದ ತಳಿಗೇ ಜಾಗ ತೆರವಾಗುತ್ತದೆ. ‘ಗುಣಪಡಿಸಿ ಸೇರಿಸಿಕೊಳ್ಳುವ’ ಯೋಚನೆಯನ್ನು ನಾನು ಒಪ್ಪದಿರುವುದು ಈ ಕಾರಣಕ್ಕೇ. ಹಾಗೆಂದು ಅಪಾಯವೇ ಇಲ್ಲವೆಂದಲ್ಲ. ಶೌಚದ ನಂತರ ಸರಿಯಾಗಿ ತೊಳೆಯದ ಕೈಯಿಂದ ಆ ತಳಿ ಊಟಕ್ಕೆ, ಅಲ್ಲಿಂದ ಮತ್ತೊಬ್ಬರ ಕರುಳಿಗೆ ಸೇರಬಹುದು. ಅವರಿಗೆ ಮುಂದೆಂದೋ ಮೂತ್ರನಾಳದ ಸೋಂಕಾದಾಗ ಸಾಮಾನ್ಯ ಮಾತ್ರೆಗಳು ಕೆಲಸ ಮಾಡದೆ ಹೋಗಬಹುದು. ಊಟಕ್ಕೂ ಕಾಯಿಲೆಗೂ ನಡುವೆ ಇಷ್ಟು ಅಂತರವಿರುವುದರಿಂದ ಮೂಲ ಯಾವುದೆಂದು ಯಾರಿಗೂ ತಿಳಿಯುವುದೇ ಇಲ್ಲ.

ಎಂಆರ್‌ಎಸ್‌ಎ ಸಂಗತಿ ಬೇರೆ. ಆರೋಗ್ಯವಂತ ವಯಸ್ಕರಲ್ಲಿ ಸುಮಾರು 30 ಪ್ರತಿಶತ ಮಂದಿಯ ಮೂಗಿನಲ್ಲಿ ಸ್ಟ್ಯಾಫಿಲೋಕಾಕಸ್ ಆರಿಯಸ್ (ಸ್ಟ್ಯಾಫ್) ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಮೆಥಿಸಿಲಿನ್ ಎಂಬ ಆ್ಯಂಟಿಬಯೋಟಿಕ್‌ಗೆ ಬಗ್ಗದ ಅದರ ತಳಿಯೇ ಎಂಆರ್‌ಎಸ್‌ಎ. ಅಡುಗೆಮನೆಯ ಮಟ್ಟಿಗೆ ನಾವು ಅಂಜಬೇಕಾದದ್ದು ಈ ಬ್ಯಾಕ್ಟೀರಿಯಾ ಆಹಾರದಲ್ಲಿ ಬೆಳೆದು ಬಿಡುವ ವಿಷಕ್ಕೆ. ಆ ವಿಷವನ್ನು ಎಂಆರ್‌ಎಸ್‌ಎ ಆಗಲಿ, ಸಾಮಾನ್ಯ ಸ್ಟ್ಯಾಫ್ ಆಗಲಿ ಉಂಟುಮಾಡಬಲ್ಲವು. ಅಂಥ ಊಟ ಮಾಡಿದ ಅರ್ಧ ಗಂಟೆಯಿಂದ 8 ಗಂಟೆಗಳೊಳಗೆ ವಾಂತಿ ಶುರುವಾಗಿ, ಸಾಮಾನ್ಯವಾಗಿ ಒಂದು ದಿನದಲ್ಲಿ ಶಮನವಾಗುತ್ತದೆ. ಕಾಯಿಲೆಗೆ ಕಾರಣ ವಿಷವಾದ್ದರಿಂದ ಅದಕ್ಕೆ ಆ್ಯಂಟಿಬಯೋಟಿಕ್ ಕೊಡುವುದೂ ಇಲ್ಲ. ಆದ್ದರಿಂದ ಮೂಗಿನ ವರದಿಯಲ್ಲಿ ಏನಿದೆ ಎನ್ನುವುದಕ್ಕಿಂತ ಆ ಅಡುಗೆಯವರ ಕೈಯಲ್ಲಿ ಕೀವುಗಟ್ಟಿದ ಗಾಯವಿದೆಯೇ ಎಂಬುದನ್ನು ನೀವು ದಿನವೂ ನೋಡುವುದು ಮುಖ್ಯ. ಗಾಯವಿದ್ದರೆ ನೀರು ಒಳಹೋಗದ ಪಟ್ಟಿ ಹಾಕಿ ಮೇಲೆ ಕೈಗವಸು ತೊಡಿಸಬೇಕು. ಹಾಗೆ ಮುಚ್ಚಲಾಗದಿದ್ದರೆ ವಾಸಿಯಾಗುವವರೆಗೆ ಆಹಾರ ಮುಟ್ಟದ ಕೆಲಸ ಕೊಡಬೇಕು. ಮೂಗಿಗೆ ಹಚ್ಚುವ ಮುಪಿರೋಸಿನ್ ಮುಲಾಮು ಶಸ್ತ್ರಚಿಕಿತ್ಸೆಗೆ ಮುನ್ನ ಅಥವಾ ಒಂದೇ ಮೂಲದಿಂದ ಹಲವರಿಗೆ ಸೋಂಕು ಹರಡಿರುವುದು ಖಚಿತವಾದಾಗ ವೈದ್ಯರು ಬರೆದುಕೊಡುವಂಥದ್ದು. ಕಾಯಿಲೆಯಿಲ್ಲದೆ ಬ್ಯಾಕ್ಟೀರಿಯಾ ಹೊತ್ತಿರುವ ಎಲ್ಲ ವಾಹಕರಿಗೂ ಅದನ್ನು ಹಚ್ಚುತ್ತ ಹೋದರೆ ಆ ಔಷಧಕ್ಕೂ ಬ್ಯಾಕ್ಟೀರಿಯಾ ಒಗ್ಗಿಕೊಳ್ಳುತ್ತದೆ.

ವರದಿಯಲ್ಲಿ ಟೈಫಾಯ್ಡ್‌ನ ಸಾಲ್ಮೊನೆಲ್ಲಾ ಟೈಫಿ, ರಕ್ತಭೇದಿ ತರುವ ಶಿಗೆಲ್ಲಾ ಅಥವಾ ಇ. ಕೋಲೈ ಒ157 ತಳಿ ಎಂದಿದ್ದರೆ ನನ್ನ ಉತ್ತರ ಪೂರ್ತಿ ಬದಲಾಗುತ್ತಿತ್ತು. ಅವು ಔಷಧಕ್ಕೆ ಬಗ್ಗಲಿ, ಬಗ್ಗದಿರಲಿ, ವೈದ್ಯರು ಅನುಮತಿಸುವವರೆಗೆ ಆ ವ್ಯಕ್ತಿ ಅಡುಗೆಯಿಂದ ದೂರವಿರಬೇಕು. ನ್ಯೂಯಾರ್ಕ್‌ನಲ್ಲಿ ಅಡುಗೆ ಕೆಲಸ ಮಾಡುತ್ತಿದ್ದ ಮೇರಿ ಮ್ಯಾಲನ್ 1907ರಲ್ಲಿ ಟೈಫಾಯ್ಡ್ ವಾಹಕಿಯೆಂದು ಪತ್ತೆಯಾದಾಗ ಆ್ಯಂಟಿಬಯೋಟಿಕ್‌ಗಳು ಇನ್ನೂ ಬಂದೇ ಇರಲಿಲ್ಲ. ಮತ್ತೆ ಅಡುಗೆ ಮಾಡುವುದಿಲ್ಲವೆಂದು ಮಾತುಕೊಟ್ಟು 1910ರಲ್ಲಿ ಪ್ರತ್ಯೇಕವಾಸದಿಂದ ಬಿಡುಗಡೆಯಾದ ಆಕೆ 1915ರಲ್ಲಿ ಹೆರಿಗೆ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಸಿಕ್ಕಿಬಿದ್ದರು. ಬೇರೆ ಕೆಲಸದಲ್ಲಿ ಅಷ್ಟು ಸಂಬಳ ಸಿಗದಿದ್ದುದೇ ಆಕೆ ಅಡುಗೆಗೆ ಮರಳಲು ಒಂದು ಕಾರಣ. ಕೂಲಿ ಕಡಿತವಾಗುತ್ತದೆಂಬ ಭಯವಿರುವ ಕಡೆ ಯಾರೂ ತಮಗೆ ಭೇದಿಯಾಗಿದೆ ಎಂದು ಬಾಯಿಬಿಡುವುದಿಲ್ಲ. ವಾಂತಿಭೇದಿಯಾದವರಿಗೆ ಅದು ನಿಂತು 48 ಗಂಟೆಗಳಾಗುವವರೆಗೆ ಸಂಬಳಸಹಿತ ರಜೆ ಕೊಡುವುದು ತಪಾಸಣೆಗಿಂತ ಹೆಚ್ಚು ಪ್ರಯೋಜನಕಾರಿ ಎಂದು ನನ್ನ ಅಭಿಪ್ರಾಯ. ಲಕ್ಷಣಗಳಿಲ್ಲದವರಿಗೆ ನಿಯಮಿತವಾಗಿ ಮಾಡಿಸುವ ಇಂಥ ಪರೀಕ್ಷೆಗಳಿಂದ ಖರ್ಚಿಗೆ ತಕ್ಕ ಫಲವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 1989ರಲ್ಲಿಯೇ ಹೇಳಿದ್ದರು. ಇಂದಿನ ಶುದ್ಧ ವರದಿ ನಾಳೆಯ ಸೋಂಕಿನ ಬಗ್ಗೆ ಏನನ್ನೂ ಹೇಳಲಾರದು. ಈ ಇಬ್ಬರ ವರದಿಗಳನ್ನು ಉಳಿದ ಸಿಬ್ಬಂದಿಗೆ ತಿಳಿಸುವ ಅಗತ್ಯವೂ ಇಲ್ಲ.

ಪ್ರಶ್ನೆ: ಔಷಧಕ್ಕೇ ಸಾಯದ ಬ್ಯಾಕ್ಟೀರಿಯಾ ಅಡುಗೆಯ ಬಿಸಿಗೆ ಸಾಯುತ್ತದೆಯೇ?

ಉತ್ತರ: ಸಾಯುತ್ತದೆ. ಔಷಧವನ್ನು ಎದುರಿಸುವ ಗುಣಕ್ಕೂ ಶಾಖವನ್ನು ತಡೆಯುವ ಶಕ್ತಿಗೂ ಸಂಬಂಧವಿಲ್ಲ. ಆಹಾರದ ಒಳಭಾಗವೂ 70 ಡಿಗ್ರಿ ಸೆಲ್ಸಿಯಸ್ ತಲುಪುವಂತೆ ಬೇಯಿಸಿದರೆ ಔಷಧಕ್ಕೆ ಬಗ್ಗುವ, ಬಗ್ಗದ ಎರಡೂ ಬಗೆಯ ಇ. ಕೋಲೈ, ಸ್ಟ್ಯಾಫ್ ನಾಶವಾಗುತ್ತವೆ. ಆದರೆ ಮೇಲೆ ಹೇಳಿದ ಸ್ಟ್ಯಾಫ್ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಆದ್ದರಿಂದ ಬೇಯಿಸಿದ್ದನ್ನು 60 ಡಿಗ್ರಿಗಿಂತ ಹೆಚ್ಚು ಬಿಸಿಯಾಗಿ ಇಡಿ, ಇಲ್ಲವೇ 2 ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಬೇಯಿಸಿದ ನಂತರ ಕೈಯಿಂದ ಬೆರೆಸುವ, ಬಡಿಸುವ ಪದಾರ್ಥಗಳ ಬಗ್ಗೆ ವಿಶೇಷ ಎಚ್ಚರವಿರಲಿ.