ಡ್ರೈವರ್ ಇಲ್ಲದ ಕಾರು ಅಂದರೆ ಜನಕ್ಕೆ ಯಾಕಿಷ್ಟು ಭಯ?

"ತಾನೇ ಓಡುವ ಕಾರು ಮನುಷ್ಯರಿಗಿಂತ ಸುರಕ್ಷಿತ ಅಂತ ತಿಳಿದವರು ಹೇಳುತ್ತಾರೆ. ಆದರೂ ನಮ್ಮ ಮನೆಯಲ್ಲಿ ಯಾರನ್ನು ಕೇಳಿದರೂ ಹತ್ತುವುದಿಲ್ಲ ಅನ್ನುತ್ತಾರೆ. ಜನಕ್ಕೆ ಲೆಕ್ಕ ಅರ್ಥವಾಗುವುದಿಲ್ಲವೇ?" ಅಂತ ಕೇಳಿದ್ದೀರಿ.

ನಿಮ್ಮ ಮನೆಯಲ್ಲಿ ಮಾತ್ರ ಅಲ್ಲ. ಅಮೆರಿಕದಲ್ಲಿ ವಾಹನ ಮಾಲೀಕರ ಸಂಘ ಎಎಎ 2025ರಲ್ಲಿ ಕೇಳಿದಾಗಲೂ ಹತ್ತರಲ್ಲಿ ಆರು ಜನ ಭಯ ಅಂದರು. ಜನಕ್ಕೆ ಲೆಕ್ಕ ಅರ್ಥವಾಗುತ್ತದೆ. ಅವರು ಹಾಕುವ ಲೆಕ್ಕ ಬೇರೆ, ಅಷ್ಟೇ. ಅದರಲ್ಲಿ ಒಂದು ಪಾಲು ಸರಿಯಾಗಿಯೂ ಇದೆ. ನನ್ನ ಚಿಂತೆ ಇನ್ನೊಂದು: ನಿಜವಾಗಿ ಹೆದರಬೇಕಾದ ಕಾರಿಗೆ ಯಾರೂ ಹೆದರುತ್ತಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನನ್ನ ಮಗಳು ಕಾರು ಕಲಿತ ಹೊಸತರಲ್ಲಿ ನಾನು ಪಕ್ಕದ ಸೀಟಿನಲ್ಲಿ ಕೂರುತ್ತಿದ್ದೆ. ಮುಂದಿನ ಲಾರಿ ಸ್ವಲ್ಪ ನಿಧಾನವಾದರೆ ಸಾಕು, ನನ್ನ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. ಅಲ್ಲಿ ಬ್ರೇಕ್ ಇಲ್ಲ ಅಂತ ಗೊತ್ತು. ಅವಳು ಹುಷಾರಾಗಿಯೇ ಓಡಿಸುತ್ತಿದ್ದಳು. ಅದೇ ರಸ್ತೆಯಲ್ಲಿ ನಾನು ಇನ್ನೂ ಜೋರಾಗಿ ಹೋಗಿದ್ದೇನೆ, ಆಗ ಎದೆ ಹೊಡೆದುಕೊಂಡಿದ್ದೇ ಇಲ್ಲ. ಬದಲಾಗಿದ್ದು ಅಪಾಯವಲ್ಲ. ಸ್ಟೀರಿಂಗ್ ಯಾರ ಕೈಯಲ್ಲಿದೆ ಅನ್ನುವುದು.

ಇದು ನನ್ನೊಬ್ಬಳ ಸ್ವಭಾವ ಅಲ್ಲ. 1969ರಲ್ಲಿ ಚಾನ್ಸಿ ಸ್ಟಾರ್ ಎಂಬ ಎಂಜಿನಿಯರ್ ಒಂದು ಅಂದಾಜು ಕೊಟ್ಟರು. ತಾವೇ ಆರಿಸಿಕೊಂಡ ಅಪಾಯವನ್ನು ಜನ, ಬೇರೆಯವರು ತಮ್ಮ ಮೇಲೆ ಹೇರಿದ ಅಪಾಯಕ್ಕಿಂತ ಸುಮಾರು ಸಾವಿರ ಪಟ್ಟು ಜಾಸ್ತಿ ಸಹಿಸಿಕೊಳ್ಳುತ್ತಾರೆ ಅಂತ. ಸಾವಿರ ಅನ್ನುವ ಅಂಕಿಯ ಬಗ್ಗೆ ಆಮೇಲೆ ತಕರಾರು ಬಂದಿದೆ, ಆದರೆ ಹೇಳಿದ ಮಾತು ಉಳಿದುಕೊಂಡಿದೆ. ಮನಶ್ಶಾಸ್ತ್ರಜ್ಞ ಪಾಲ್ ಸ್ಲೋವಿಕ್ ಇದನ್ನು ಮುಂದುವರಿಸಿದರು. ನಮ್ಮ ಹಿಡಿತಕ್ಕೆ ಸಿಗದ್ದು, ಹೊಸದು, ಒಳಗೆ ಏನು ನಡೆಯುತ್ತಿದೆ ಅಂತ ಕಾಣದ್ದು: ಇಂಥದ್ದಕ್ಕೆ ಭಯ ಜಾಸ್ತಿ. ತಾನೇ ಓಡುವ ಕಾರು ಈ ಮೂರೂ ಹೌದು.

ಇನ್ನು ಈ ಕಾರು "ಸರಾಸರಿ ಡ್ರೈವರ್‌ಗಿಂತ ಮೇಲು" ಅನ್ನುವ ಮಾತು. 1981ರಲ್ಲಿ ಓಲಾ ಸ್ವೆನ್ಸನ್ ಎಂಬ ಮನಶ್ಶಾಸ್ತ್ರಜ್ಞ ಅಮೆರಿಕದ ವಿದ್ಯಾರ್ಥಿಗಳ ಒಂದು ಗುಂಪನ್ನು ಕೇಳಿದಾಗ ಶೇ. 93ರಷ್ಟು ಜನ ತಾವು ಓಡಿಸುವುದರಲ್ಲಿ ಮೇಲಿನ ಅರ್ಧದಲ್ಲಿದ್ದೇವೆ ಅಂದರು. ಇದನ್ನು ತೋರಿಸಿ ಜನರನ್ನು ಹಂಗಿಸುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಆ ಸರಾಸರಿಯಲ್ಲಿ ಕುಡಿದು ಓಡಿಸುವವರು, ತೂಕಡಿಸುವವರು, ಫೋನ್ ನೋಡುವವರು ಎಲ್ಲರೂ ಸೇರಿದ್ದಾರೆ ಅಲ್ವಾ? ಕುಡಿಯದೆ, ನಿದ್ದೆಗೆಡದೆ ಓಡಿಸುವವರ ಅಪಾಯ ನಿಜವಾಗಿಯೂ ಸರಾಸರಿಗಿಂತ ಕಡಿಮೆ. ಅಂಥವರು "ನನಗೆ ಇದರಿಂದ ಎಷ್ಟು ಲಾಭ?" ಅಂತ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ.

ತಪ್ಪು ಎಂಥದ್ದು ಅನ್ನುವುದೂ ಜನಕ್ಕೆ ಮುಖ್ಯ. 2018ರ ಮಾರ್ಚ್‌ನಲ್ಲಿ ಅಮೆರಿಕದ ಅರಿಜೋನಾದ ಟೆಂಪಿಯಲ್ಲಿ ಉಬರ್‌ನ ತಾನೇ ಓಡುವ ಪರೀಕ್ಷಾ ಕಾರು, ರಾತ್ರಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಗುದ್ದಿತು. ಅವರು ತೀರಿಕೊಂಡರು. ಕಾರಿನ ಸೆನ್ಸರ್‌ಗಳು ಅವರನ್ನು 5.6 ಸೆಕೆಂಡ್ ಮೊದಲೇ ಕಂಡಿದ್ದವು. ಆದರೆ ಒಮ್ಮೆ ವಾಹನ ಅಂದುಕೊಂಡಿತು, ಒಮ್ಮೆ ಇನ್ನೇನೋ ವಸ್ತು, ಒಮ್ಮೆ ಸೈಕಲ್. ಪ್ರತಿ ಸಲ ಗುರುತು ಬದಲಾದಾಗ, ಅವರು ಎತ್ತ ಸಾಗುತ್ತಿದ್ದಾರೆ ಅನ್ನುವ ಲೆಕ್ಕ ಮೊದಲಿನಿಂದ ಶುರು. ಜೀಬ್ರಾ ಕ್ರಾಸಿಂಗ್ ಇಲ್ಲದ ಕಡೆ ಮನುಷ್ಯ ರಸ್ತೆ ದಾಟಬಹುದು ಅನ್ನುವುದನ್ನೇ ಆ ಸಾಫ್ಟ್‌ವೇರ್ ಎಣಿಸಿರಲಿಲ್ಲ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಕತ್ತಲಲ್ಲಿ ಕಾಣಲಿಲ್ಲ ಅಂದರೆ ಅರ್ಥವಾಗುತ್ತದೆ. ಕಂಡೂ ಅದು ಮನುಷ್ಯ ಅಂತ ತಿಳಿಯಲಿಲ್ಲ ಅಂದರೆ?

2023ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೀಗೇ ಆಯಿತು. ಕ್ರೂಸ್ ಕಂಪನಿಯ ಡ್ರೈವರ್ ಇಲ್ಲದ ಕಾರಿನ ಮುಂದೆ ಮಹಿಳೆಯೊಬ್ಬರು ಬಿದ್ದರು. ಕಾರು ಅವರಿಗೆ ಗುದ್ದಿ ನಿಂತಿತು, ಆಮೇಲೆ ರಸ್ತೆ ಬದಿಗೆ ಸರಿಯಲು ಹೋಗಿ ಅವರನ್ನು ಸುಮಾರು 6 ಮೀಟರ್ ಎಳೆದೊಯ್ದಿತು. ಅಡಿಯಲ್ಲಿ ಒಂದು ಜೀವ ಇದೆ ಅಂತ ಅದಕ್ಕೆ ಗೊತ್ತಾಗಲಿಲ್ಲ. ಕ್ಯಾಲಿಫೋರ್ನಿಯಾ ಆ ಕಂಪನಿಯ ಪರವಾನಗಿ ತಡೆಹಿಡಿಯಿತು. ಅವರಿಗೆ ಮೊದಲು ಗುದ್ದಿ ಅಲ್ಲಿಗೆ ಬೀಳಿಸಿದ್ದು ಮನುಷ್ಯ ಓಡಿಸುತ್ತಿದ್ದ ಕಾರು. ಅದು ನಿಲ್ಲದೆ ಹೋಯಿತು. ಅದನ್ನು ಎಷ್ಟು ಜನ ನೆನಪಿಟ್ಟುಕೊಂಡಿದ್ದಾರೆ ಹೇಳಿ.

ಈ ಕಾರಿನ ಲಾಭದ ವಿಷಯದಲ್ಲಿ ಇದೇ ಕಷ್ಟ, ಅದು ಕಣ್ಣಿಗೆ ಕಾಣುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ರಸ್ತೆಯಲ್ಲಿ ಸಾಯುತ್ತಾರೆ. ಅರ್ಧಕ್ಕಿಂತ ಹೆಚ್ಚಿನವರು ನಡೆಯುವವರು, ಸೈಕಲ್ ಮತ್ತು ಬೈಕಿನವರು. ಈ ಸಾವುಗಳಿಗೆ ನಾವು ಒಗ್ಗಿಹೋಗಿದ್ದೇವೆ. ಒಂದು ಕಾರು ಸಮಯಕ್ಕೆ ಸರಿಯಾಗಿ ಬ್ರೇಕ್ ಹಾಕಿದ್ದರಿಂದ ಬದುಕಿದವರಿಗೆ ತಾವು ಬದುಕಿದ್ದು ಅಂತಲೇ ತಿಳಿಯುವುದಿಲ್ಲ. ಸುಮ್ನೆ ರಸ್ತೆ ದಾಟಿ ಮನೆಗೆ ಹೋಗುತ್ತಾರೆ. ಹಾಗಾಗಿ ಲಾಭ ಕಣ್ಣಿಗೆ ಬೀಳುವುದು ಓಡಿಸಲು ಆಗದವರಿಗೆ ಮಾತ್ರ. 2015ರಲ್ಲಿ ಗೂಗಲ್‌ನ ಕಾರಿನಲ್ಲಿ ಒಬ್ಬರೇ ಕೂತು ಅಮೆರಿಕದ ಆಸ್ಟಿನ್‌ನ ರಸ್ತೆಯಲ್ಲಿ ಹೋದವರು ದೃಷ್ಟಿ ಕಳೆದುಕೊಂಡವರು. ಅಂಥವರ ಹತ್ತಿರ ಹೋಗಿ ಭಯದ ಮಾತಾಡಿದರೆ ಬೇರೆಯೇ ಉತ್ತರ ಸಿಗುತ್ತದೆ.

ಹಾಗಾದರೆ ನಿಜಕ್ಕೂ ಮೇಲಾ? ಗೂಗಲ್‌ನ ಆ ಪ್ರಯತ್ನವೇ ಇಂದಿನ ವೇಮೋ. ಅದರ ಲೆಕ್ಕದಲ್ಲಿ ಗಾಯವಾಗುವ ಅಪಘಾತಗಳು ಮನುಷ್ಯರಿಗಿಂತ ಸ್ಪಷ್ಟವಾಗಿ ಕಡಿಮೆ. ಅದು ಕಂಪನಿಯದೇ ಲೆಕ್ಕ, ಅವರೇ ಆರಿಸಿಕೊಂಡ ಊರುಗಳದ್ದು ಅನ್ನುವುದು ನೆನಪಿರಲಿ. ಸಾವಿನ ಲೆಕ್ಕ ಇನ್ನೂ ಕಷ್ಟ. ಅಮೆರಿಕದಲ್ಲಿ ಮನುಷ್ಯರು ಓಡಿಸುವಾಗ 10 ಕೋಟಿ ಮೈಲಿಗೆ ಸುಮಾರು ಒಂದು ಸಾವು ಆಗುತ್ತದೆ. ಯಂತ್ರವೂ ಅಷ್ಟೇ ಸುರಕ್ಷಿತ ಅಂತ ರಸ್ತೆಯ ಮೇಲೆಯೇ ಸಾಬೀತು ಮಾಡಬೇಕಾದರೆ, ಒಂದೂ ಸಾವಿಲ್ಲದೆ 27.5 ಕೋಟಿ ಮೈಲಿ ಓಡಬೇಕು ಅಂತ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ 2016ರಲ್ಲೇ ಲೆಕ್ಕ ಹಾಕಿತ್ತು.

ಈಗ ನಾನು ಹೆದರುವ ಕಾರಿನ ಮಾತು. ಅದು ಡ್ರೈವರ್ ಇಲ್ಲದ ಕಾರಲ್ಲ. ಅರ್ಧ ತಾನೇ ಓಡುವ ಕಾರು, ಲೆವೆಲ್ 2 ಅಂತಾರಲ್ಲ, ಅದು. ಸ್ಟೀರಿಂಗ್, ಬ್ರೇಕ್ ಅದೇ ನೋಡಿಕೊಳ್ಳುತ್ತದೆ. ನೀವು ಮಾತ್ರ ಪ್ರತಿ ಕ್ಷಣ ಎಚ್ಚರ ಇರಬೇಕು. ಜನ ಇದನ್ನು ಖುಷಿಯಿಂದ ಕೊಳ್ಳುತ್ತಾರೆ, ಯಾಕೆಂದರೆ ಸೀಟಿನಲ್ಲಿ ತಾವೇ ಇದ್ದೇವೆ ಅನ್ನುವ ಧೈರ್ಯ. ಸ್ನೇಹಿತೆಯೊಬ್ಬಳ ಇಂಥ ಕಾರನ್ನು ನಾನು ಹೆದ್ದಾರಿಯಲ್ಲಿ ಓಡಿಸಿದ್ದೇನೆ. ಇಪ್ಪತ್ತೇ ನಿಮಿಷ. ಆಮೇಲೆ ನನ್ನ ಮನಸ್ಸು ಎಲ್ಲೋ ಹೋಗಿತ್ತು. ಮನಶ್ಶಾಸ್ತ್ರಜ್ಞೆ ಲಿಸಾನ್ ಬೇನ್‌ಬ್ರಿಜ್ 1983ರಲ್ಲೇ ಇದನ್ನು ಬರೆದಿದ್ದರು: ಕೆಲಸವನ್ನೆಲ್ಲ ಯಂತ್ರಕ್ಕೆ ಕೊಟ್ಟು, ಕಾಯುವುದನ್ನು ಮನುಷ್ಯನಿಗೆ ಬಿಡುತ್ತೇವೆ, ಮನುಷ್ಯನಿಗೆ ಬರದೇ ಇರುವುದೇ ಅದು. 2016ರಲ್ಲಿ ಫ್ಲೋರಿಡಾದಲ್ಲಿ ಆಟೋಪೈಲಟ್ ಎಂಬ ಇಂಥದ್ದೇ ಸೌಲಭ್ಯ ಹಾಕಿದ್ದ ಟೆಸ್ಲಾ ಕಾರು ಅಡ್ಡ ಬಂದ ಟ್ರಕ್‌ಗೆ ಗುದ್ದಿ ಕಾರಿನ ಚಾಲಕ ಸತ್ತಾಗ, ಕಾರೂ ಬ್ರೇಕ್ ಹಾಕಿರಲಿಲ್ಲ, ಅವರೂ ಹಾಕಿರಲಿಲ್ಲ. ಟೆಂಪಿಯ ಕಾರಿನಲ್ಲಿಯೂ ಕಾಯಲೆಂದೇ ಒಬ್ಬರು ಕೂತಿದ್ದರು. ಅವರ ಕಣ್ಣು ಫೋನಿನ ಮೇಲಿತ್ತು.

ಆದ್ದರಿಂದ ಮನೆಯವರು "ಹತ್ತುವುದಿಲ್ಲ" ಅಂದಾಗ ಯಾವ ಕಾರು ಅಂತ ಕೇಳಿ ನೋಡಿ. ಡ್ರೈವರ್ ಸೀಟೇ ಖಾಲಿ ಇರುವ, ಒಂದು ಊರಿನ ಗೊತ್ತಾದ ರಸ್ತೆಗಳಲ್ಲಿ ಮಾತ್ರ ಓಡುವ, ತಪ್ಪಾದರೆ ಕಂಪನಿಯೇ ಹೊಣೆ ಹೊರುವ ಟ್ಯಾಕ್ಸಿಯಾದರೆ ನಾನು ಹತ್ತುತ್ತೇನೆ. ಸ್ನೇಹಿತೆಯ ಕಾರನ್ನು ಮತ್ತೆ ಓಡಿಸಬೇಕಾಗಿ ಬಂದರೆ ಮೊದಲು ಆ ಸೌಲಭ್ಯವನ್ನು ಆಫ್ ಮಾಡುತ್ತೇನೆ.