ನೆಟ್ ಸ್ಪೀಡ್ ಏರಿಳಿತ: ತೊಂದರೆ ಲೈನಿನಲ್ಲೋ, ವೈಫೈನಲ್ಲೋ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಮೇಲೆ. ಮನೆಯ ನೆಟ್ ಒಂದು ಗಳಿಗೆ ಓಡುತ್ತದೆ, ಇನ್ನೊಂದು ಗಳಿಗೆ ನಿಂತುಬಿಡುತ್ತದೆ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವತ್ತು ಇದನ್ನೇ ಹಿಡಿದಿದ್ದೇನೆ.

ಪ್ರಶ್ನೆ: ನಾವು 100 ಎಂಬಿಪಿಎಸ್ ಪ್ಲ್ಯಾನ್ ಹಾಕಿಸಿದ್ದೇವೆ. ಫೋನಿನಲ್ಲಿ ನೋಡಿದರೆ ಒಮ್ಮೆ 90 ತೋರಿಸುತ್ತೆ, ಹತ್ತು ನಿಮಿಷಕ್ಕೆ 12, ಮತ್ತೆ 60. ಮಗ ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ಕೆಲಸ ಮಾಡ್ತಾನೆ. ಮೀಟಿಂಗ್ ಮಧ್ಯೆ ಅವನ ದನಿ ತುಂಡು ತುಂಡಾಗುತ್ತೆ. ನೆಟ್‌ನವರಿಗೆ ಫೋನ್ ಮಾಡಿದರೆ "ನಮ್ಮ ಕಡೆ ಸರಿ ಇದೆ, 200ರ ಪ್ಲ್ಯಾನ್ ತಗೊಳ್ಳಿ" ಅಂತಾರೆ. ತಗೋಬೇಕಾ ಸರ್?
– ಶಿರಾ ಗೇಟ್, ತುಮಕೂರು

ಉತ್ತರ: ಬೇಡ, ಈಗಲೇ ಬೇಡ. ಪೈಪು ಎಲ್ಲಿ ಸೋರುತ್ತಿದೆ ಅಂತ ನೋಡದೆ ಇನ್ನಷ್ಟು ನೀರು ಬಿಟ್ಟರೆ ಏನು ಪ್ರಯೋಜನ?

ನಿಮ್ಮ ನೆಟ್ ಎರಡು ದಾರಿ ದಾಟಿ ಬರುತ್ತದೆ. ಬೀದಿಯ ಕಂಬದಿಂದ ಮನೆಯೊಳಗಿನ ಮೋಡೆಮ್‌ವರೆಗೆ (ವೈಫೈ ಬಿಡುವ ರೂಟರ್ ಸಾಮಾನ್ಯವಾಗಿ ಇದೇ ಪೆಟ್ಟಿಗೆಯಲ್ಲಿರುತ್ತದೆ) ಫೈಬರ್. ಅಲ್ಲಿಂದ ಫೋನು, ಲ್ಯಾಪ್‌ಟಾಪ್‌ವರೆಗೆ ಗಾಳಿಯಲ್ಲಿ ವೈಫೈ. ಮೊದಲನೆಯದು ಕಂಪನಿಯವರ ಜವಾಬ್ದಾರಿ, ಎರಡನೆಯದು ಹೆಚ್ಚುಕಮ್ಮಿ ನಮ್ಮದು. ಫೋನಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ ಎರಡೂ ಸೇರಿದ ಲೆಕ್ಕ ಬರುತ್ತದೆ. ತೊಂದರೆ ಯಾವ ಕಡೆ ಅಂತ ಅದರಿಂದ ಗೊತ್ತಾಗುವುದಿಲ್ಲ.

ಅದಕ್ಕೇ ಮೊದಲು ಎರಡನ್ನೂ ಬೇರೆ ಮಾಡಿ ನೋಡಿ. ಒಂದು ಲ್ಯಾನ್ ಕೇಬಲ್ ತಂದು ಮಗನ ಲ್ಯಾಪ್‌ಟಾಪನ್ನು ನೇರವಾಗಿ ರೂಟರಿಗೆ ಸೇರಿಸಿ. ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ. ಮನೆಯವರ ಫೋನು, ಟಿವಿ ಎಲ್ಲವನ್ನೂ ಐದು ನಿಮಿಷ ನೆಟ್‌ನಿಂದ ತೆಗೆಯಿರಿ. ಆಮೇಲೆ ಟೆಸ್ಟ್ ಮಾಡಿ. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ರಾತ್ರಿ 9ಕ್ಕೆ ಒಂದು ಸಲ, ಹೀಗೆ ಎರಡು ದಿನ ಮಾಡಿ ಕ್ಯಾಲೆಂಡರಿನ ಹಿಂದೆ ಬರೆದಿಡಿ. ಈಗಿನ ತೆಳು ಲ್ಯಾಪ್‌ಟಾಪುಗಳಲ್ಲಿ ಲ್ಯಾನ್ ಕಿಂಡಿ ಇರುವುದಿಲ್ಲ, ಯುಎಸ್‌ಬಿಗೆ ಚುಚ್ಚುವ ಅಡಾಪ್ಟರ್ ಬರುತ್ತದೆ, ಅದನ್ನು ತಂದರೆ ಸಾಕು. ಕೇಬಲ್‌ನಲ್ಲಿ ಮೂರೂ ಹೊತ್ತು 90ರ ಆಸುಪಾಸು ಬಂದರೆ ಲೈನು ಸರಿ ಇದೆ, ನೆಟ್‌ನವರು ಹೇಳಿದ್ದು ನಿಜ. ಕೇಬಲ್‌ನಲ್ಲೂ 12ಕ್ಕೆ ಬಿದ್ದರೆ ತೊಂದರೆ ಅವರ ಕಡೆಯದು. ಆಗ ಆ ಕ್ಯಾಲೆಂಡರ್ ಹಾಳೆ ನಿಮ್ಮ ಕೈಯಲ್ಲಿರುವ ಸಾಕ್ಷಿ.

ನಿಮ್ಮ 90, 12, 60ರ ಆಟ ನೋಡಿದರೆ ನನಗೆ ವೈಫೈ ಮೇಲೇ ಅನುಮಾನ. ಈಗಿನ ರೂಟರ್ ಎರಡು ಬಗೆಯ ಅಲೆ ಬಿಡುತ್ತದೆ. 2.4 ಗಿಗಾಹರ್ಟ್ಸ್‌ನದು ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ವೇಗ ಕಮ್ಮಿ. 5 ಗಿಗಾಹರ್ಟ್ಸ್‌ನದು ವೇಗವಾಗಿದೆ, ಆದರೆ ಒಂದೆರಡು ಗೋಡೆಗೇ ಸುಸ್ತಾಗುತ್ತದೆ. ಎರಡಕ್ಕೂ ಒಂದೇ ಹೆಸರು ಇಟ್ಟಿದ್ದರೆ ಯಾವುದನ್ನು ಹಿಡಿಯಬೇಕು ಅಂತ ಫೋನೇ ತೀರ್ಮಾನ ಮಾಡುತ್ತದೆ. ಹಾಲ್‌ನಲ್ಲಿ ಕೂತಾಗ 5 ಹಿಡಿದು 90 ತೋರಿಸಿದ್ದು, ರೂಮಿಗೆ ಹೋದ ಕೂಡಲೇ 2.4ಕ್ಕೆ ಜಾರಿ 12 ತೋರಿಸುತ್ತದೆ, ವಾಪಸ್ ಹಾಲ್‌ಗೆ ಬಂದರೂ ಕೆಲವು ಫೋನುಗಳು ಬೇಗ 5ಕ್ಕೆ ಮರಳುವುದಿಲ್ಲ. ಅದೇ ಮನೆ, ಅದೇ ಪ್ಲ್ಯಾನ್, ಲೆಕ್ಕ ಮಾತ್ರ ಬೇರೆ ಬೇರೆ.

ಪರಿಹಾರ ಇದೆ, ದುಡ್ಡೂ ಬೇಡ. ರೂಟರಿನ ಅಡಿಯಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ 192.168.1.1 ಥರದ ಒಂದು ವಿಳಾಸ, ಯೂಸರ್ ನೇಮ್, ಪಾಸ್‌ವರ್ಡ್ ಇರುತ್ತವೆ. ಬ್ರೌಸರಿನಲ್ಲಿ ಆ ವಿಳಾಸ ಹೊಡೆದು ಒಳಗೆ ಹೋಗಿ ಎರಡು ಅಲೆಗಳಿಗೂ ಬೇರೆ ಬೇರೆ ಹೆಸರು ಕೊಡಿ. ಮಗನ ಲ್ಯಾಪ್‌ಟಾಪು, ಟಿವಿ 5ರಲ್ಲಿ ಇರಲಿ. ದೂರದ ರೂಮಿನ ಫೋನು 2.4ರಲ್ಲಿ ಇರಲಿ. 2.4ರಲ್ಲಿ ಒಂದಕ್ಕೊಂದು ತಾಗದ ಚಾನೆಲ್, ಅಂದರೆ ಅಲೆಯೊಳಗಿನ ಓಣಿ, ಇರುವುದು ಮೂರೇ: 1, 6, 11. ಒತ್ತೊತ್ತಾಗಿ ಮನೆಗಳಿರುವ ಬೀದಿಯಲ್ಲಿ ಹತ್ತಾರು ರೂಟರುಗಳು ಈ ಮೂರರಲ್ಲೇ ಜಗ್ಗಾಡುತ್ತಿರುತ್ತವೆ. ಅಕ್ಕಪಕ್ಕದವರದು ಯಾವುದರಲ್ಲಿದೆ ಅಂತ ತೋರಿಸುವ ವೈಫೈ ಅನಲೈಸರ್ ಆ್ಯಪ್‌ಗಳು ಪುಕ್ಕಟೆ ಸಿಗುತ್ತವೆ. ಖಾಲಿ ಇರುವ ಚಾನೆಲ್ ನೋಡಿ ಹಾಕಿಕೊಳ್ಳಿ, ಚಾನೆಲ್ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಡಿ. ಅಂದ ಹಾಗೆ ಮೈಕ್ರೋವೇವ್ ಓವನ್ ಕೆಲಸ ಮಾಡುವುದೂ ಇದೇ 2.4ರ ಆಸುಪಾಸಿನಲ್ಲಿ. ಅಡುಗೆಮನೆಯಲ್ಲಿ ಅದು ಓಡುವಾಗಲೇ ನೆಟ್ ಬೀಳುತ್ತದಾ ಅಂತ ಒಮ್ಮೆ ಗಮನಿಸಿ.

ರೂಟರ್ ಎಲ್ಲಿಟ್ಟಿದ್ದೀರಿ ಅಂತ ನೀವು ಬರೆದಿಲ್ಲ. ಕನೆಕ್ಷನ್ ಕೊಡಲು ಬಂದ ಹುಡುಗರು ಕೇಬಲ್ ಒಳಗೆ ಬರುವ ಕಿಟಕಿಯ ಪಕ್ಕದಲ್ಲೇ ಒಂದು ಮೊಳೆ ಹೊಡೆದು ತೂಗುಹಾಕಿ ಹೋಗಿರುತ್ತಾರೆ. ಹಾಗಾದರೆ ಅರ್ಧ ವೈಫೈ ಬೀದಿಗೆ ಹೋಗುತ್ತದೆ. ಮನೆಯ ಮಧ್ಯಕ್ಕೆ, ಎದೆ ಎತ್ತರಕ್ಕಿಂತ ಸ್ವಲ್ಪ ಮೇಲೆ, ಬಯಲಾಗಿರುವ ಜಾಗದಲ್ಲಿ ಇಡಿ. ಕಬ್ಬಿಣದ ಬೀರು, ದೊಡ್ಡ ಕನ್ನಡಿ, ಮೀನಿನ ತೊಟ್ಟಿ, ಟಿವಿಯ ಹಿಂಭಾಗ, ಇವು ಯಾವುದರ ಹತ್ತಿರವೂ ಬೇಡ. ಲೋಹ ಅಲೆಯನ್ನು ತಡೆಯುತ್ತದೆ, ನೀರು ಹೀರಿಕೊಳ್ಳುತ್ತದೆ.

ಇನ್ನು ಮಗನ ದನಿ ತುಂಡಾಗುವ ವಿಷಯ. ಇದಕ್ಕೆ ಡೌನ್‌ಲೋಡ್‌ಗಿಂತ ಅಪ್‌ಲೋಡ್ ಕಡೆ ನೋಡಿ. ಮನೆ ಮುಂದೆ ಕ್ಲೌಡ್‌ಗೆ ವಿಡಿಯೊ ಕಳಿಸುವ ಸಿಸಿಟಿವಿ ಕ್ಯಾಮೆರಾ ಇದೆಯಾ? ಮನೆಯವರ ಫೋನುಗಳು ಫೋಟೊ ಬ್ಯಾಕಪ್ ಮಾಡುತ್ತಿವೆಯಾ? ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ಮೂಟೆ ಇಳಿಸಿಕೊಂಡವರು ರಸೀದಿ ಕೊಟ್ಟು ಕಳಿಸುತ್ತಾರಲ್ಲ, ಇಲ್ಲೂ ಹಾಗೇ. ಬಂದ ಡೇಟಾಗೆ "ಬಂತು" ಅಂತ ಒಂದು ಚೀಟಿ ವಾಪಸ್ ಹೋಗಬೇಕು. ಹೊರಗೆ ಹೋಗುವ ದಾರಿ ತುಂಬಿಹೋಗಿದ್ದರೆ ಆ ಚೀಟಿಯೂ ಸಾಲಿನಲ್ಲಿ ನಿಲ್ಲುತ್ತದೆ, ಒಳಗೆ ಬರುವುದೂ ನಿಧಾನವಾಗುತ್ತದೆ, 10-20 ಮಿಲಿಸೆಕೆಂಡ್ ಇರುವ ಪಿಂಗ್, ಅಂದರೆ ಡೇಟಾ ಹೋಗಿ ಬರಲು ಹಿಡಿಯುವ ಹೊತ್ತು, ನೂರಾರಕ್ಕೆ ಏರುತ್ತದೆ. ಮಾತು ತುಂಡಾಗುವುದು ಆಗಲೇ. ಬ್ಯಾಕಪ್ ರಾತ್ರಿ ಮಲಗಿದ ಮೇಲೆ ಆಗುವ ಹಾಗೆ ಇಡಿ. ಕ್ಯಾಮೆರಾದ ವಿಡಿಯೊ ಗುಣಮಟ್ಟ ಒಂದು ಮೆಟ್ಟಿಲು ಇಳಿಸಿ. ಮೀಟಿಂಗ್ ಇರುವ ಹೊತ್ತು ಮಗನ ಲ್ಯಾಪ್‌ಟಾಪ್ ಕೇಬಲ್‌ನಲ್ಲೇ ಇರಲಿ. ಊರಿನಲ್ಲೇ ಇದ್ದು ದುಡಿಯುವ ಮಕ್ಕಳಿಗೆ ಈ ನೆಟ್ ಅಂದರೆ ಸಂಬಳ. ಅದಕ್ಕೇ ಇಷ್ಟು ಉದ್ದ ಬರೆದೆ.

ಪ್ರಶ್ನೆ: ಟೆಸ್ಟ್ ಮಾಡಿದರೆ 50 ಬರುತ್ತೆ. ಆದರೆ ಫೈಲ್ ಇಳಿಸುವಾಗ ಸೆಕೆಂಡಿಗೆ 6 ಎಂಬಿ ಅಷ್ಟೇ. ಇದು ಮೋಸ ಅಲ್ವಾ?
– ಚಿಂತಾಮಣಿ

ಉತ್ತರ: ಮೋಸ ಅಲ್ಲ. ಪ್ಲ್ಯಾನ್ ಲೆಕ್ಕ ಬಿಟ್‌ನಲ್ಲಿ, ಫೈಲ್ ಲೆಕ್ಕ ಬೈಟ್‌ನಲ್ಲಿ. 8 ಬಿಟ್ ಸೇರಿದರೆ 1 ಬೈಟ್. 50ನ್ನು 8ರಿಂದ ಭಾಗಿಸಿದರೆ 6.25. ನಿಮಗೆ ಬರಬೇಕಾದ್ದು ಬರುತ್ತಿದೆ.

ಪ್ರಶ್ನೆ: ನಮ್ಮದು ಹಳೇ ಸೈಜುಗಲ್ಲಿನ ಮನೆ. ನಡುಮನೆಯಲ್ಲಿ ನೆಟ್ ಚೆನ್ನಾಗಿದೆ, ಹಿಂದಿನ ರೂಮಿನಲ್ಲಿ ಒಂದು ಕಡ್ಡಿಯೂ ಬರಲ್ಲ. ಆನ್‌ಲೈನ್‌ನಲ್ಲಿ ಎಕ್ಸ್‌ಟೆಂಡರ್ ನೋಡಿದೀನಿ. ತರಿಸಲಾ?
– ಬಂಗಾರಪೇಟೆ

ಉತ್ತರ: ನಮ್ಮ ಕಡೆಯ ಕಲ್ಲಿನ ಗೋಡೆ ಬೇಸಿಗೆಯಲ್ಲಿ ತಂಪು ಕೊಡುತ್ತದೆ, ವೈಫೈ ಮಾತ್ರ ದಾಟಲು ಬಿಡುವುದಿಲ್ಲ. ಮೊದಲು ಪುಕ್ಕಟೆ ಉಪಾಯ. ಹಳೇ ಮನೆಗಳಲ್ಲಿ ಮುಂಬಾಗಿಲಿನಿಂದ ಹಿತ್ತಲ ಬಾಗಿಲವರೆಗೆ ಬಾಗಿಲುಗಳು ಒಂದೇ ಸಾಲಿನಲ್ಲಿರುತ್ತವೆ. ನಿಮ್ಮದೂ ಹಾಗಿದ್ದರೆ ರೂಟರನ್ನು ಆ ಸಾಲಿಗೆ ತಂದಿಟ್ಟು ಬಾಗಿಲು ತೆರೆದು ನೋಡಿ. ಎಷ್ಟೋ ಸಲ ಇಷ್ಟಕ್ಕೇ ಎರಡು ಕಡ್ಡಿ ಬರುತ್ತದೆ.

ಎಕ್ಸ್‌ಟೆಂಡರ್ ಬೇಡ ಅಂತೀನಿ. ಅಗ್ಗದವು ಒಂದೇ ಅಲೆಯಲ್ಲಿ ಕೇಳಿಸಿಕೊಂಡು ಅದೇ ಅಲೆಯಲ್ಲಿ ಮತ್ತೆ ಹೇಳಬೇಕು, ಹಾಗಾಗಿ ವೇಗ ಅರ್ಧಕ್ಕೆ ಇಳಿಯುತ್ತದೆ. ಜನ ಅದನ್ನು ನೆಟ್ ಬರದ ರೂಮಿನಲ್ಲೇ ಇಡುತ್ತಾರೆ, ಅಲ್ಲಿ ಅದಕ್ಕೂ ಏನೂ ಕೇಳಿಸುವುದಿಲ್ಲ. ಅದರ ಬದಲು ಹಿಂದಿನ ರೂಮಿಗೆ ಒಂದು ಲ್ಯಾನ್ ಕೇಬಲ್ ಎಳೆಯಿರಿ. 100 ಮೀಟರ್‌ವರೆಗೆ ಏನೂ ತೊಂದರೆ ಇಲ್ಲ. ಅಟ್ಟದ ಮೇಲೆ ಬಿದ್ದಿರುವ ಹಳೇ ರೂಟರ್ ಇದ್ದರೆ ಅದನ್ನೇ ಅಲ್ಲಿ ಹಾಕಿ. ಮೊದಲು ಅದರ 192.168 ಥರದ ವಿಳಾಸವನ್ನು ಹೊಸ ರೂಟರಿನದಕ್ಕಿಂತ ಬೇರೆ ಮಾಡಿ, ಫೋನು, ಲ್ಯಾಪ್‌ಟಾಪ್‌ಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ. ಆಮೇಲೆ ಹೊಸ ರೂಟರಿನ ಲ್ಯಾನ್ ಕಿಂಡಿಯಿಂದ ಬಂದ ಕೇಬಲನ್ನು ಇದರ ಲ್ಯಾನ್ ಕಿಂಡಿಗೇ ಸೇರಿಸಿ, ಹೊರಗಿನ ಲೈನಿಗೆಂದು ಇರುವ ವ್ಯಾನ್ ಕಿಂಡಿಗೆ ಅಲ್ಲ.

ಕೇಬಲ್ ಕೊಳ್ಳುವಾಗ ಕ್ಯಾಟ್ 6, ಪೂರ್ತಿ ತಾಮ್ರದ್ದೇ ಕೇಳಿ. ಅಲ್ಯೂಮಿನಿಯಂ ತಂತಿಗೆ ತಾಮ್ರ ಬಳಿದು ಮಾರುವುದೂ ಇದೆ, ಅದು ಅಗ್ಗ, ಬೇಗ ಮುರಿಯುತ್ತದೆ. ತುದಿಯ ಕ್ಲಿಪ್ ಹೊಡೆಸುವಾಗ ಪಕ್ಕದಲ್ಲಿ ನಿಂತು ನೋಡಿ. ನಮ್ಮ ಮನೆಯಲ್ಲೇ 300ರ ಪ್ಲ್ಯಾನ್ ಇದ್ದು ವಾರಗಟ್ಟಲೆ 94ಕ್ಕಿಂತ ಮೇಲೆ ಏರಲೇ ಇಲ್ಲ. ನಾನು ನೆಟ್‌ನವರ ಮೇಲೆ ರೇಗಾಡಿದ್ದೆ. ಕೊನೆಗೆ ನೋಡಿದರೆ ಕೇಬಲ್ ತುದಿಯಲ್ಲಿ ಒಂದೇ ಒಂದು ಎಳೆ ಸರಿಯಾಗಿ ಕೂತಿರಲಿಲ್ಲ. ಒಳಗೆ ನಾಲ್ಕು ಜೋಡಿ ಎಳೆ ಇರುತ್ತವೆ. ಗಿಗಾಬಿಟ್ ವೇಗಕ್ಕೆ ನಾಲ್ಕೂ ಬೇಕು. ಒಂದು ಜೋಡಿ ಕೈಕೊಟ್ಟರೆ ರೂಟರ್ ಸುಮ್ನೆ 100ಕ್ಕೆ ಇಳಿದುಬಿಡುತ್ತದೆ, ಯಾರಿಗೂ ಹೇಳುವುದಿಲ್ಲ. 100ಕ್ಕಿಂತ ದೊಡ್ಡ ಪ್ಲ್ಯಾನ್ ಇದ್ದೂ ನಿಮ್ಮ ಲೆಕ್ಕ 94-95ರಲ್ಲೇ ಗೂಟ ಹೊಡೆದ ಹಾಗೆ ನಿಂತಿದ್ದರೆ ಮೊದಲು ಕ್ಲಿಪ್ ನೋಡಿ.

ಪ್ರಶ್ನೆ: ಹಗಲೆಲ್ಲ ಚೆನ್ನಾಗಿರುತ್ತೆ. ರಾತ್ರಿ 8ರಿಂದ 11 ಮಾತ್ರ ತೆವಳುತ್ತೆ. ಕೇಬಲ್ ಹಾಕಿ ನೋಡಿದರೂ ಅಷ್ಟೇ. ಮಗಳ ಸಿಇಟಿ ಕ್ಲಾಸ್ ಇರೋದೇ ಆ ಹೊತ್ತಿಗೆ.
– ಶಿಡ್ಲಘಟ್ಟ

ಉತ್ತರ: ಕೇಬಲ್ ಹಾಕಿ ನೋಡಿದ್ದೀರಲ್ಲ, ಅಲ್ಲಿಗೆ ಅರ್ಧ ಕೆಲಸ ಮುಗಿಯಿತು. ಇದು ಲೈನಿನ ತೊಂದರೆ. ಮನೆಗಳಿಗೆ ಬರುವ ಫೈಬರಿನಲ್ಲಿ ಹೆಚ್ಚಿನವು ಜಿಪಾನ್ ಬಗೆಯವು. ಒಂದು ಫೈಬರನ್ನು ಬೀದಿಯ ಪೆಟ್ಟಿಗೆಗಳಲ್ಲಿ ಸ್ಪ್ಲಿಟರ್ ಹಾಕಿ 32 ಅಥವಾ 64 ಮನೆಗೆ ಹಂಚುತ್ತಾರೆ. ಅಷ್ಟೂ ಮನೆಗೆ ಸೇರಿ ಸುಮಾರು 2.5 ಜಿಬಿಪಿಎಸ್. ಅದಾದರೂ ಪರವಾಗಿಲ್ಲ. ಅದಕ್ಕಿಂತ ಮೇಲೆ, ನೆಟ್ ಕೊಡುವವರು ಹೊರಗಿನಿಂದ ಕೊಂಡ ಒಟ್ಟು ವೇಗ ಕಮ್ಮಿ ಇದ್ದರೆ, ರಾತ್ರಿ ಊಟದ ಹೊತ್ತಿಗೆ ಎಲ್ಲರ ಮನೆ ಟಿವಿ ಹತ್ತಿದಾಗ ಎಲ್ಲರಿಗೂ ಒಟ್ಟಿಗೇ ಇಕ್ಕಟ್ಟು. ನಿಮ್ಮ ರೂಟರ್ ಬದಲಿಸಿದರೆ ಒಂದು ಪೈಸೆಯ ಲಾಭವೂ ಇಲ್ಲ.

ಟೆಸ್ಟ್ ಮಾಡುವಾಗ ಸರ್ವರ್, ಅಂದರೆ ಟೆಸ್ಟ್‌ಗೆ ಡೇಟಾ ಕಳಿಸುವ ಆಚೆ ತುದಿಯ ಕಂಪ್ಯೂಟರ್, ಬದಲಿಸಿಯೂ ನೋಡಿ. ನಿಮ್ಮ ನೆಟ್‌ನವರದೇ ಸರ್ವರ್ ಇದ್ದರೆ ಲೆಕ್ಕ ಚೆನ್ನಾಗಿಯೇ ಕಾಣುತ್ತದೆ. ಏಕೆಂದರೆ ಆ ಡೇಟಾ ಅವರ ಮನೆ ಬಿಟ್ಟು ಹೊರಗೆ ಹೋಗಿರುವುದೇ ಇಲ್ಲ. ಹೊರಗಿನ ಸರ್ವರಿನ ಲೆಕ್ಕವನ್ನು ದಿನಾಂಕ, ಗಂಟೆ ಸಮೇತ ಒಂದು ವಾರ ಬರೆದಿಟ್ಟು ಕಸ್ಟಮರ್ ಕೇರ್‌ಗೆ ದೂರು ಕೊಡಿ. ಬಾಯಿಮಾತಿಗೆ ಬಿಡಬೇಡಿ, ಡಾಕೆಟ್ ನಂಬರ್ (ದೂರಿನ ಸಂಖ್ಯೆ) ತೆಗೆದುಕೊಳ್ಳಿ. ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2012ರ ದೂರು ನಿಯಮದ ಪ್ರಕಾರ ಅದಕ್ಕೆ ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಬರೆಯಬಹುದು. ಶುಲ್ಕ ಇಲ್ಲ, 39 ದಿನದೊಳಗೆ ತೀರ್ಮಾನ ಹೇಳಬೇಕು.

ಆದರೆ ಮಗಳ ಪರೀಕ್ಷೆ ಅಲ್ಲಿಯವರೆಗೆ ಕಾಯುವುದಿಲ್ಲ ಅಲ್ವಾ. ರೆಕಾರ್ಡ್ ಆದ ಪಾಠಗಳನ್ನು ಬೆಳಿಗ್ಗೆಯೇ ಇಳಿಸಿಟ್ಟುಕೊಳ್ಳಲಿ. ಲೈವ್ ಕ್ಲಾಸಿದ್ದರೆ ವಿಡಿಯೊ 480ಕ್ಕೆ ಇಳಿಸಲಿ, ಬೋರ್ಡಿನ ಅಕ್ಷರ ಅದರಲ್ಲೂ ಕಾಣುತ್ತದೆ. ಆ ಒಂದು ಗಂಟೆ ಮನೆಯ ಟಿವಿ ಆಫ್ ಇರಲಿ. ಬೇರೆ ಕಂಪನಿಯ ಕನೆಕ್ಷನ್‌ಗೆ ಹೋಗುವ ಯೋಚನೆ ಇದ್ದರೆ, ಅದೇ ಬೀದಿಯಲ್ಲಿ ಅದನ್ನು ಹಾಕಿಸಿಕೊಂಡವರ ಮನೆಗೆ ರಾತ್ರಿ 9ಕ್ಕೆ ಹೋಗಿ ಒಂದು ಟೆಸ್ಟ್ ಮಾಡಿ ಆಮೇಲೆ ದುಡ್ಡು ಕಟ್ಟಿ.

ಪ್ರಶ್ನೆ: ಮಳೆ ಗಾಳಿ ಬಂದರೆ ನೆಟ್ ಬಂದು ಬಂದು ಹೋಗುತ್ತೆ. ಕೆಲವು ಸಲ ಪೆಟ್ಟಿಗೆಯಲ್ಲಿ ಕೆಂಪು ಲೈಟ್ ಬರುತ್ತೆ.
– ಗುಬ್ಬಿ

ಉತ್ತರ: ಆ ಕೆಂಪು ಲೈಟಿನ ಪಕ್ಕ ಎಲ್‌ಒಎಸ್ ಅಂತ ಬರೆದಿದ್ದರೆ ಫೈಬರಿನ ಬೆಳಕು ಒಳಗೆ ಬರುತ್ತಿಲ್ಲ ಅಂತ ಅರ್ಥ. ಮಳೆ ಬೆಳಕನ್ನು ತಡೆಯುವುದಿಲ್ಲ. ಆದರೆ ಕಂಬದಿಂದ ತೆಂಗಿನಮರಕ್ಕೆ, ಮರದಿಂದ ಮನೆಗೆ ಎಳೆದ ಕೇಬಲ್ ಗಾಳಿಗೆ ಜೋಲಾಡುತ್ತದೆ, ಜಾಯಿಂಟ್ ಪೆಟ್ಟಿಗೆಗೆ ನೀರು ಹೋಗುತ್ತದೆ, ಅಳಿಲು ಕಡಿದಿರುತ್ತದೆ. ಲೈನ್‌ಮನ್ ಬಂದಾಗ ಪವರ್ ಮೀಟರ್ ಹಾಕಿ ಡಿಬಿಎಂ (ಬೆಳಕಿನ ಬಲದ ಅಳತೆ) ಎಷ್ಟು ಅಂತ ಕೇಳಿ. ಮೈನಸ್ 20ರ ಸುತ್ತ ಇದ್ದರೆ ಚೆನ್ನಾಗಿದೆ. ಮೈನಸ್ 27 ದಾಟಿ 28, 29ಕ್ಕೆ ಇಳಿದರೆ ಕೈಕೊಡುತ್ತದೆ. ಅಂಥ ಲೈನಿಗೆ ಜಾಯಿಂಟ್ ಮತ್ತೆ ಹಾಕಿಸದೆ ಬಿಡಬೇಡಿ. ಒಳಗಿನ ಹಳದಿ ವಯರನ್ನು ಮಡಚಿ ಬೀರುವಿನ ಸಂದಿಗೆ ತುರುಕಿದ್ದರೆ ಬಿಡಿಸಿ, ಅಂಗೈ ಅಗಲದ ಸುತ್ತು ಇರಲಿ, ಗಟ್ಟಿಯಾಗಿ ಮಡಚಿದ ಕಡೆ ಬೆಳಕು ಸೋರಿಹೋಗುತ್ತದೆ. ಬಿಚ್ಚಿದ ತುದಿಗೆ ಕಣ್ಣಿಟ್ಟು ನೋಡಬೇಡಿ, ಮಕ್ಕಳಿಗೂ ಬಿಡಬೇಡಿ. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಒಳಗೆ ಲೇಸರ್ ಇರುತ್ತದೆ.

ಕೆಂಪು ಲೈಟ್ ಬರದೆ ಎಲ್ಲಾ ಲೈಟೂ ಒಮ್ಮೆ ಆರಿ ಮತ್ತೆ ಹತ್ತಿದರೆ ಅದು ಕರೆಂಟಿನ ಏರಿಳಿತ, ಇಲ್ಲವೇ ಸೋತ ಅಡಾಪ್ಟರ್. ರೂಟರಿಗೆಂದೇ ಸಣ್ಣ ಯುಪಿಎಸ್ ಬರುತ್ತದೆ. ಕೊಳ್ಳುವ ಮೊದಲು ನಿಮ್ಮ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪ್ ಅಂತ ಬರೆದಿದೆ ನೋಡಿ. ಹೆಚ್ಚಿನವು 12 ವೋಲ್ಟ್, ಕೆಲವು 9. ಅಂಗಡಿಗೆ ಹೋಗುವಾಗ ಅಡಾಪ್ಟರನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ.