ಗುರುತ್ವಾಕರ್ಷಣೆ ಇಷ್ಟು ದುರ್ಬಲ ಯಾಕೆ? ಅದು ನಮಗೆ ಕಾಣದ ಆಯಾಮಗಳಿಗೆ ಸೋರಿಹೋಗುತ್ತಿದೆಯಾ?

ಹಾಗೆ ಇರಬಹುದು, ಆದರೆ ಇದುವರೆಗೆ ಪುರಾವೆ ಸಿಕ್ಕಿಲ್ಲ. ಎಷ್ಟು ದುರ್ಬಲ ಅಂದರೆ, ಎರಡು ಪ್ರೋಟಾನ್‌ಗಳ ನಡುವಿನ ವಿದ್ಯುತ್ ಬಲ ಅವುಗಳ ಗುರುತ್ವಕ್ಕಿಂತ ಸುಮಾರು 1ರ ಮುಂದೆ 36 ಸೊನ್ನೆ ಹಾಕಿದಷ್ಟು ಪಟ್ಟು ಜಾಸ್ತಿ! 1998ರಲ್ಲಿ ಅರ್ಕಾನಿ-ಹಮೆದ್, ಡಿಮೋಪೌಲೋಸ್, ದ್ವಾಲಿ ಎಂಬ ಮೂವರು ಭೌತವಿಜ್ಞಾನಿಗಳು ಇದಕ್ಕೊಂದು ಕಾರಣ ಸೂಚಿಸಿದರು: ಬೆಳಕು, ಪರಮಾಣು, ನಾವೆಲ್ಲ ಉದ್ದ, ಅಗಲ, ಎತ್ತರ ಎಂಬ ಮೂರು ಆಯಾಮಗಳಿಗೆ ಅಂಟಿಕೊಂಡಿದ್ದೇವೆ, ಗುರುತ್ವ ಮಾತ್ರ ಸುರುಳಿಯಾಗಿ ಅಡಗಿರುವ ಬೇರೆ ಆಯಾಮಗಳಿಗೂ ಹರಡುತ್ತದೆ, ಹಾಗಾಗಿ ನಮ್ಮ ಪಾಲಿಗೆ ಸ್ವಲ್ಪವೇ ಉಳಿಯುತ್ತದೆ.

ನನಗೆ ಇದರಲ್ಲಿ ತುಂಬಾ ಇಷ್ಟವಾಗುವುದು, ಇದನ್ನು ಅಳೆದು ನೋಡಬಹುದು ಅನ್ನೋದು. ಮೂರು ಆಯಾಮಗಳಲ್ಲಿ ದೂರ ಅರ್ಧವಾದರೆ ಸೆಳೆತ 4 ಪಟ್ಟು ಆಗುತ್ತದೆ, ಅಲ್ವಾ? ಇನ್ನೆರಡು ಆಯಾಮ ಇದ್ದರೆ, ಅವುಗಳ ಗಾತ್ರಕ್ಕಿಂತ ಹತ್ತಿರ ಹೋದಾಗ ಅದು 16 ಪಟ್ಟು ಆಗಬೇಕು. ಅಂದರೆ ದೂರದಲ್ಲಿ ಏನೂ ಗೊತ್ತಾಗಲ್ಲ, ತೀರಾ ಹತ್ತಿರ ಹೋದರೆ ಮಾತ್ರ ಗುಟ್ಟು ಬಯಲಾಗುತ್ತದೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ ತೂಗುಹಾಕಿದ ಸೂಕ್ಷ್ಮ ಲೋಲಕದಿಂದ ಇದನ್ನೇ ಅಳೆಯಿತು. 2020ರಲ್ಲಿ ಪ್ರಕಟವಾದ ಫಲಿತಾಂಶ 52 ಮೈಕ್ರೋಮೀಟರ್‌ವರೆಗೆ, ಅಂದರೆ ಹೆಚ್ಚುಕಡಿಮೆ ಒಂದು ಕೂದಲಿನ ದಪ್ಪದಷ್ಟು ದೂರದವರೆಗೆ ಹೋಗಿದೆ. ಅಲ್ಲಿಯೂ ನ್ಯೂಟನ್‌ನ ಹಳೆಯ ನಿಯಮವೇ, ಅಂದರೆ ಆ 4 ಪಟ್ಟಿನ ಲೆಕ್ಕವೇ, ಸರಿಯಾಗಿತ್ತು.

2017ರಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು (ಸತ್ತ ದೊಡ್ಡ ನಕ್ಷತ್ರಗಳ ತೀರಾ ಒತ್ತಾದ ತಿರುಳುಗಳು) ಡಿಕ್ಕಿಯಾದಾಗ ಬಂದ ಗುರುತ್ವದ ಅಲೆಗಳಲ್ಲೂ ಸೋರಿಕೆಯ ಗುರುತು ಕಾಣಲಿಲ್ಲ. ಹೆಚ್ಚುವರಿ ಆಯಾಮ ಇದ್ದರೂ ಇನ್ನೂ ಸಣ್ಣದಾಗಿ ಸುತ್ತಿಕೊಂಡಿರಬಹುದು, ಆ ಬಾಗಿಲು ಮುಚ್ಚಿಲ್ಲ.